ಓದಮ್ಮನ ಸ್ವಂತ ತಪ್ಪು

ಆ ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಓದಮ್ಮ ಎಂದೇ ಕರೆಯುತ್ತಿದ್ದರು. ಓದಿ ದೊಡ್ಡ ಪದವಿ ತೆಗೆದುಕೊಂಡವಳು ಎಂದೇನಲ್ಲ. ಅವಳು ಓದಿದ್ದು ಏಳನೇ ಕ್ಲಾಸು, ಅದೂ ಎದ್ದು ಬಿದ್ದು. ಆದರೆ ಅವಳ ಕೆಲಸವೇ ಓದುವುದು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆಯವರೆಗೆ, ಗಟ್ಟಿಯಾಗಿ, ಇಂಗ್ಲಿಷಿನಲ್ಲಿ, ಅರ್ಥ ಗೊತ್ತಿರಲಿ ಬಿಡಲಿ, ಓದುವುದು.

ಅಲ್ಲಿ ಅಚ್ಚಾಗುತ್ತಿದ್ದದ್ದು ಕಥೆ ಕಾದಂಬರಿಗಳಲ್ಲ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಜೊತೆ ಡಬ್ಬದಲ್ಲಿ ಒಂದು ತೆಳು ಪುಸ್ತಕ ಬರುತ್ತದಲ್ಲ, ಯಾರೂ ಬಿಡಿಸಿ ನೋಡದೆ ಕಪಾಟಿಗೆ ಎಸೆಯುವಂಥದ್ದು, ಅದು. ಯಾರೂ ಓದುವುದಿಲ್ಲ ಎಂದು ತಪ್ಪು ಬಿಡುವುದಕ್ಕಾಗುತ್ತದೆಯೇ? ಕಂಪನಿಯವರು ಮೂಲಪ್ರತಿ ಕಳಿಸುತ್ತಿದ್ದರು. ಕಂಪೋಸಿಂಗ್ ಕೋಣೆಯವನು ಅದನ್ನು ಕಂಪ್ಯೂಟರಿಗೆ ಹಾಕಿ ಪ್ರೂಫು ತೆಗೆಯುತ್ತಿದ್ದ. ಆಮೇಲೆ ಎರಡೂ ಪ್ಲೈವುಡ್ ಗೋಡೆಯ ಆಚೆಗಿನ ಪುಟ್ಟ ಕೋಣೆಗೆ ಬರುತ್ತಿದ್ದವು. ಅಲ್ಲಿ ಓದಮ್ಮ ಮೂಲಪ್ರತಿ ಹಿಡಿದು ಓದುವಳು. ಎದುರಿಗೆ ಕೂತ ಮೇಷ್ಟ್ರು ಪ್ರೂಫು ಹಿಡಿದು, ಕೇಳುತ್ತ, ಕೆಂಪು ಪೆನ್ಸಿಲಿನಿಂದ ತಿದ್ದುವರು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ತಪ್ಪು ಕಂಡರೆ ಸಿಡಿಯುವ ಸ್ವಭಾವಕ್ಕೆ ಸಿಕ್ಕಿದ ಬಿರುದು ಅದು.

ಓದುವುದೆಂದರೆ ನಮ್ಮ ನಿಮ್ಮ ಹಾಗೆ ಓದುವುದಲ್ಲ. ಕಾಮಾ ಬಂದರೆ ‘ಕಾಮಾ’ ಎನ್ನಬೇಕು, ದೊಡ್ಡಕ್ಷರ ಬಂದರೆ ‘ಕ್ಯಾಪ್’ ಎನ್ನಬೇಕು, ವಾಕ್ಯ ಮುಗಿದರೆ ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ಕುಟ್ಟಬೇಕು. ‘ಕ್ಯಾಪ್ ದಿ ನಾಬ್ಸ್ ಆರ್ ಆನ್ ದಿ ಲೆಫ್ಟ್, ಟಕ್.’ ಹತ್ತೊಂಬತ್ತು ವರ್ಷ ಹೀಗೆ ಟಕ್ ಟಕ್ ಎಂದು ಅವಳ ಬಲಗೈ ನಡುಬೆರಳಿನ ಗೆಣ್ಣು ದಡ್ಡುಗಟ್ಟಿತ್ತು.

ಸೇರಿದ ಹೊಸದರಲ್ಲಿ ಅವಳಿಗೆ ಅಕ್ಷರ ಬರುತ್ತಿತ್ತೇ ಹೊರತು ಉಚ್ಚಾರ ಬರುತ್ತಿರಲಿಲ್ಲ. ಚಾಕುವಿನ ‘ನೈಫ್’ ಅನ್ನು, ಮೊದಲಿಗೆ ಕೆ ಇದೆಯಲ್ಲ ಎಂದು, ಠೀವಿಯಿಂದ ‘ಕ್ನೈಫ್’ ಎಂದು ಓದಿದ್ದಳು. ಬಾಗಿಲಲ್ಲಿ ನಿಂತಿದ್ದ ಕಂಪೋಸಿಂಗಿನವನು ನಗಲು ಬಾಯಿ ತೆರೆದ. ಮೇಷ್ಟ್ರು ತಲೆ ಎತ್ತದೆ, “ಹ್ಞಾ, ಕ್ನೈಫ್, ಮುಂದೆ?” ಎಂದರು. ಪೂರಾ ಒಂದು ವಾರ ಅವರೂ ಕ್ನೈಫ್ ಎಂದೇ ಹೇಳಿದರು. ಎರಡನೇ ವಾರ ಮೆಲ್ಲಗೆ, ತಮಗೇ ನೆನಪಾದ ಹಾಗೆ, “ತಂಗೀ, ಈ ಕೆ ಅನ್ನೋದು ಸೋಮಾರಿ, ಕೂತಿರುತ್ತೆ, ಕೆಲಸ ಮಾಡಲ್ಲ” ಎಂದರು. ಅಂಥವರಿಗಾಗಿ ಜೀವ ಬೇಕಾದರೂ ಕೊಡಬಹುದು ಎಂದು ಅವಳಿಗೆ ಅನಿಸಿದ್ದು ಆವತ್ತೇ.

ಹೋದ ವರ್ಷ ಎರಡು ಪುಸ್ತಕಗಳು ತಪ್ಪಾಗಿ ಅಚ್ಚಾದವು. ಫ್ಯಾನಿನ ಪುಸ್ತಕದಲ್ಲಿ ‘ದಿ ಬ್ಲೇಡ್ಸ್ ಈಸ್’ ಎಂದು ಬಂತು, ಇಸ್ತ್ರಿಪೆಟ್ಟಿಗೆಯದರಲ್ಲಿ ‘ದಿ ವಯರ್ ಆರ್’ ಎಂದು. ಮೂಲದಲ್ಲಿ ಸರಿಯಾಗೇ ಇತ್ತು, ಅವಳು ಸರಿಯಾಗೇ ಓದಿದ್ದಳು. ಪ್ರೂಫಿನಲ್ಲಿ ಮಾತ್ರ ಉಳಿದುಹೋಗಿತ್ತು. ಪ್ರೆಸ್ಸಿನ ಯಜಮಾನರು ಗೊಣಗಿ ಸುಮ್ಮನಾದರು. ಓದಮ್ಮನಿಗೆ ಸುಮ್ಮನಿರಲಾಗಲಿಲ್ಲ. ಬ್ಲೇಡು ಎಷ್ಟೋ ಇರುವಾಗ ‘ಈಸ್’ ಎಂದರೆ ಮೇಷ್ಟ್ರಿಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಿದ ಹಾಗಾಗಬೇಕಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಪ್ಪು ತೆಗೆಯುತ್ತಿದ್ದ ಮನುಷ್ಯ. ಮಾರನೆಯ ದಿನ ಅವಳು ಓದುತ್ತ ಓದುತ್ತ ಕಣ್ಣಂಚಿನಲ್ಲಿ ಅವರ ಪ್ರೂಫನ್ನು ನೋಡಿದಳು. ಅವಳು ಓದುತ್ತಿದ್ದದ್ದು ಮೂರನೇ ಸಾಲು. ಅವರ ಪೆನ್ಸಿಲು ಒಂಬತ್ತನೇ ಸಾಲಿನ ಮೇಲಿತ್ತು. ಅವಳು ಟಕ್ ಎಂದಾಗ ಪೆನ್ಸಿಲು ತಾಳ ಹಾಕಿದ ಹಾಗೆ ಒಂದಿಷ್ಟು ಮುಂದೆ ಸರಿಯುತ್ತಿತ್ತು, ಅಷ್ಟೇ.

ಮೇಷ್ಟ್ರಿಗೆ ಅಕ್ಷರ ಕಾಣಿಸುತ್ತಿರಲಿಲ್ಲ.

ಕೇಳಿಬಿಡಬಹುದಿತ್ತು. ಆದರೆ ಅವರಿಗೆ ಎಪ್ಪತ್ತೆರಡು. ಹೆಂಡತಿ ಇಲ್ಲ, ಮಗಳ ಮನೆಯಲ್ಲಿ ಇರುವುದು. ಆ ಮಗಳು ದಿನಾ ಬೆಳಿಗ್ಗೆ, “ಸಾಕಪ್ಪಾ, ಮನೇಲಿರಿ” ಎನ್ನುತ್ತಿದ್ದಳು, ಇವರು ದಿನಾ ಬೆಳಿಗ್ಗೆ, “ಕಣ್ಣು ಇರೋವರೆಗೂ ಹೋಗ್ತೀನಿ ಕಣಮ್ಮ” ಎನ್ನುತ್ತಿದ್ದರು. ಒಮ್ಮೆ ಚಹಾ ಕುಡಿಯುವಾಗ ಅವಳಿಗೇ ಹೇಳಿದ್ದರು: “ಈ ಕುರ್ಚೀಲಿ ಕೂತಿರೋವಾಗ ನಾನು ಒಬ್ಬ ಮನುಷ್ಯ. ಮನೇಲಿ ಕೂತ್ರೆ ಬರೀ ಒಂದು ಮುದಿ ಸಾಮಾನು.” ಆ ಕುರ್ಚಿ ತಪ್ಪಬಾರದು ಎಂದು ಓದಮ್ಮ ಅಲ್ಲಿಯೇ ನಿಶ್ಚಯ ಮಾಡಿದಳು.

ಮರುದಿನ ಅವಳು ಕಾಗದ ಅದಲು ಬದಲು ಮಾಡಿದಳು. ಮೂಲಪ್ರತಿಯನ್ನು ಮೇಷ್ಟ್ರ ಮುಂದಿಟ್ಟು, ಪ್ರೂಫನ್ನು ತಾನು ಹಿಡಿದಳು. ಎರಡೂ ಒಂದೇ ಅಳತೆಯ ಬಿಳಿ ಹಾಳೆ, ಮುಟ್ಟಿ ನೋಡಿದರೆ ಯಾವುದು ಯಾವುದೋ. ಅವಳು ಪ್ರೂಫನ್ನು ಓದಿದರೆ ಅದರ ತಪ್ಪು ಮೇಷ್ಟ್ರ ಕಿವಿಗೆ ಬೀಳುತ್ತದೆ. ಕಣ್ಣು ಹೋಗಿದ್ದರೇನು, ಅವರ ಕಿವಿ ಇತ್ತಲ್ಲ!

ಬಿತ್ತು. “ಕ್ಯಾಪ್ ದಿ ಸ್ವಿಚಸ್ ಈಸ್ ...” ಎನ್ನುತ್ತಿದ್ದಂತೆ ಮೇಷ್ಟ್ರು ಚೇಳು ಕುಟುಕಿದವರ ಹಾಗೆ ನೆಟ್ಟಗೆ ಕೂತರು.

“ಏನಂದೆ? ಸ್ವಿಚಸ್ ಈಸ್? ಮೂಲದಲ್ಲಿ ಹಾಗಿದೆಯಾ?”

ಇಲ್ಲಿ ಅವಳು ಯೋಚಿಸಿರದ ಒಂದು ತೊಡಕಿತ್ತು. ಮೂಲದಲ್ಲೇ ತಪ್ಪಿದ್ದರೆ ಮೇಷ್ಟ್ರು ಹಳದಿ ಚೀಟಿ ಬರೆಸಬೇಕು, ಚೀಟಿ ಯಜಮಾನರ ಮೇಜಿಗೆ ಹೋಗಬೇಕು, ಅವರು ಮೂಲ ತರಿಸಿ ನೋಡಿ ಕಂಪನಿಗೆ ಫೋನ್ ಮಾಡಬೇಕು. ಅದು ಆ ಪ್ರೆಸ್ಸಿನ ಕಾನೂನು. ಯಜಮಾನರು ಮೂಲ ನೋಡಿದರೆ ಅಲ್ಲಿ ‘ಆರ್’ ಎಂದು ಮುತ್ತಿನಂತೆ ಕೂತಿರುತ್ತದೆ. ಕಥೆ ಮುಗಿಯಿತು.

“ಇಲ್ಲ ಮೇಷ್ಟ್ರೇ, ಆರ್ ಅಂತಾನೇ ಇದೆ. ನಾನೇ ತಪ್ಪು ಓದಿದೆ.”

“ಹತ್ತೊಂಬತ್ತು ವರ್ಷದಿಂದ ಓದ್ತಿದ್ದೀಯ, ಕಣ್ಣು ಎಲ್ಲಿಟ್ಟಿದ್ದೀಯ?” ಎಂದರು ಮೇಷ್ಟ್ರು.

ಅವಳು ಮಡಿಲಲ್ಲಿದ್ದ ಪ್ರೂಫಿನ ಮೇಲೆ ಇನ್ನೊಂದು ಕೆಂಪು ಪೆನ್ಸಿಲಿನಿಂದ ‘ಈಸ್’ ಹೊಡೆದುಹಾಕಿ, ಅಂಚಿನಲ್ಲಿ ‘ಆರ್’ ಎಂದು ಗುಂಡಗೆ ಬರೆದಳು.

ಅಂದಿನಿಂದ ಶುರುವಾಯಿತು. ಕಂಪೋಸಿಂಗಿನವನು ಮಾಡಿದ ಒಂದೊಂದು ತಪ್ಪಿಗೂ ಬೈಸಿಕೊಂಡವಳು ಓದಮ್ಮ. ಅವನಿಗೆ ಏಕವಚನ ಬಹುವಚನ ಎರಡೂ ಒಂದೇ, ಬೆರಳು ಹೋದದ್ದೇ ದಾರಿ. ಅಂಚಿನ ಕೈಬರಹ ಬದಲಾದದ್ದನ್ನು ಅವನು ನೋಡಿದ್ದ. ಮೇಷ್ಟ್ರು ಹೇಳುತ್ತಾರೆ, ಇವಳು ಬರೆಯುತ್ತಾಳೆ ಎಂದುಕೊಂಡು ಸುಮ್ಮನಿದ್ದ. ಇನ್ನು ಸಾಲುಗಟ್ಟಲೆ ಬಿಟ್ಟುಹೋದರೆ ಅದು ಯಾವ ಕಿವಿಗೂ ತಿಳಿಯುವುದಿಲ್ಲವಲ್ಲ? ಅದಕ್ಕೆ ಓದಮ್ಮ ಊಟದ ಬಿಡುವಿನಲ್ಲಿ, ಎಡಗೈಯಲ್ಲಿ ತುತ್ತು, ಬಲಗೈಯಲ್ಲಿ ಪೆನ್ಸಿಲು ಹಿಡಿದು, ಮೂಲವನ್ನೂ ಪ್ರೂಫನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಿದ್ದಳು. ಪುಸ್ತಕಗಳು ಶುದ್ಧವಾಗಿ ಬಂದವು. “ಮೇಷ್ಟ್ರ ಕಣ್ಣು ಅಂದ್ರೆ ಕಣ್ಣು” ಎಂದರು ಯಜಮಾನರು.

ಮೇಷ್ಟ್ರಿಗೆ ಮಾತ್ರ ಹೊಸ ಚಿಂತೆ ಹತ್ತಿತು. ಇಷ್ಟು ವರ್ಷ ಅಚ್ಚುಕಟ್ಟಾಗಿ ಓದುತ್ತಿದ್ದ ಹೆಂಗಸು ಈಗ ಪುಟಕ್ಕೆ ನಾಲ್ಕು ತಪ್ಪು ಓದುತ್ತಾಳೆ, ಯಜಮಾನರಿಗೆ ತಿಳಿದರೆ ಕೆಲಸ ಹೋಗುತ್ತದೆ, ಏನು ಮಾಡುವುದು? ಅವರು ಯಾರಿಗೂ ಹೇಳಲಿಲ್ಲ. ಚಹಾದ ನಂತರದ ಅರ್ಧ ಗಂಟೆ ಅವಳಿಗೆ ಪಾಠ ಹೇಳಲು ಕೂತರು. ಅವಳು ಅವರನ್ನು ಕಾಯುತ್ತಿದ್ದಳು, ಅವರು ಅವಳನ್ನು ಕಾಯುತ್ತಿದ್ದರು. ಇಬ್ಬರಿಗೂ ತಾವೊಬ್ಬರೇ ಕಾವಲುಗಾರರು ಎಂಬ ನಂಬಿಕೆ.

“ನೋಡು ತಂಗೀ,” ಎನ್ನುತ್ತಿದ್ದರು ಮೇಷ್ಟ್ರು, “ಇಂಗ್ಲಿಷಿನ ಮನೇಲಿ ಈ ಎಸ್ ಅನ್ನೋದು ಇರೋದೇ ಒಂದು ಕೊಡೆ. ನಾಮಪದ ತಗೊಂಡು ಹೋದ್ರೆ ಕ್ರಿಯಾಪದ ಬರಿತಲೇಲಿ ಹೋಗಬೇಕು. ದಿ ಫ್ಯಾನ್ ಟರ್ನ್ಸ್. ಕೊಡೆ ಯಾರ ಹತ್ರ?”

“ಟರ್ನ್ ಹತ್ರ.”

“ದಿ ಫ್ಯಾನ್ಸ್ ಟರ್ನ್?”

“ಫ್ಯಾನ್ ಹತ್ರ.”

“ದಿ ಫ್ಯಾನ್ಸ್ ಟರ್ನ್ಸ್ ಅಂದ್ರೆ?”

“ಎರಡನೇ ಕೊಡೆ ಎಲ್ಲೋ ಕದ್ದದ್ದು ಮೇಷ್ಟ್ರೇ.”

“ಶಾಭಾಸ್! ಈಗ ನಿನ್ನ ಗಂಡನ ಬಗ್ಗೆ ಒಂದು ವಾಕ್ಯ ಹೇಳು.”

“ಮೈ ಹಸ್ಬೆಂಡ್ ಆರ್ ಎ ಡ್ರೈವರ್.”

“ನಿನಗೆ ಎಷ್ಟು ಜನ ಗಂಡಂದಿರು?”

“ಅಯ್ಯೋ, ಒಬ್ಬರೇ!” ಓದಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಆದ್ರೆ ಮನೆಯವರನ್ನ ಈಸ್ ಪಾಸ್ ಅಂತ ಹೇಗೆ ಮೇಷ್ಟ್ರೇ ಅನ್ನೋದು? ಏಕವಚನ ಆಗಲ್ವಾ?”

“ಇಂಗ್ಲಿಷಿಗೆ ಮರ್ಯಾದೆ ಗೊತ್ತಿಲ್ಲಮ್ಮ. ಎಣಿಸೋದು ಮಾತ್ರ ಗೊತ್ತು. ಮತ್ತೆ ಹೇಳು!”

ಹೀಗೆ ಹೇಳಿ ಹೇಳಿ, ಮೊದಲು ಬರೀ ಶಬ್ದವಾಗಿದ್ದ ಮಾತುಗಳು ಅವಳಿಗೆ ಕೈ ಕಾಲು ಮೂಡಿ ಕಾಣತೊಡಗಿದವು. ಅರ್ಥ ಗೊತ್ತಿಲ್ಲದೆ ಹತ್ತೊಂಬತ್ತು ವರ್ಷ ಓದಿದವಳಿಗೆ, ಮಿಕ್ಸಿಯನ್ನು ಒದ್ದೆ ಕೈಯಲ್ಲಿ ಮುಟ್ಟಬಾರದು ಎಂದು ತಾನು ಸಾವಿರ ಸಲ ಓದಿದ್ದೇನೆ ಎಂದು ಗೊತ್ತಾದದ್ದು ಆಗಲೇ. ಮನೆಯಲ್ಲಿ ಅವಳು ದಿನಾ ಒದ್ದೆ ಕೈಯಲ್ಲೇ ಮುಟ್ಟುತ್ತಿದ್ದಳು. ಬರಬರುತ್ತ ಪ್ರೂಫಿನ ತಪ್ಪು ನಾಲಿಗೆಗೆ ಬರುವ ಮೊದಲೇ ಕಣ್ಣಿಗೆ ಚುಚ್ಚತೊಡಗಿತು. ಅವಳು ತಿದ್ದಿಕೊಂಡೇ ಓದುತ್ತಿದ್ದಳು. ಬೈಗುಳ ಕಡಿಮೆಯಾಯಿತು. “ಸುಧಾರಿಸ್ತಿದ್ದೀಯ” ಎಂದು ಮೇಷ್ಟ್ರು ಮುಖವರಳಿಸಿ ಹೇಳಿದ ದಿನ ಅವಳಿಗೆ ಅಳು ನಗು ಒಟ್ಟಿಗೇ ಬಂತು.

ಎಂಟು ತಿಂಗಳು ಹೀಗೇ ಸಾಗಿತು. ಒಂದು ಬುಧವಾರ ಮೇಷ್ಟ್ರು ಹಲ್ಲುನೋವು ಎಂದು ಹೇಳಿ ಮಧ್ಯಾಹ್ನವೇ ಹೊರಟುಹೋದರು. ಹೊಸ ಮಿಕ್ಸಿಯ ಪ್ರೂಫು ಮೇಜಿನ ಮೇಲಿತ್ತು, ಸಂಜೆಯೊಳಗೆ ಕೊಡಬೇಕಿತ್ತು. ಓದಮ್ಮ ಬಾಗಿಲು ಮುಂದೆ ಮಾಡಿಕೊಂಡು, ಎದುರಿನ ಖಾಲಿ ಕುರ್ಚಿಗೆ ಓದಿ ಹೇಳುತ್ತ, ಮೂಲಕ್ಕೆ ಹೋಲಿಸಲು ಹೊತ್ತಿಲ್ಲದೆ, ಒಬ್ಬಳೇ ತಿದ್ದಿ ಕಳಿಸಿಬಿಟ್ಟಳು.

ಗುರುವಾರ ಬೆಳಿಗ್ಗೆ ಯಜಮಾನರು ಇಬ್ಬರನ್ನೂ ಕರೆಸಿದರು.

ಯಜಮಾನರು ಕೆಟ್ಟವರಲ್ಲ. ಅವರ ತಂದೆ ಕಟ್ಟಿದ ಪ್ರೆಸ್ಸು ಅದು, ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ಮೇಷ್ಟ್ರನ್ನು ಬಲ್ಲವರು. ಅವರು ಎದ್ದು ನಿಂತು ಮೇಷ್ಟ್ರಿಗೆ ಕುರ್ಚಿ ಹಾಕಿದರು. ಓದಮ್ಮನ ಮುಖ ನೋಡಲಿಲ್ಲ.

“ಬೇಜಾರು ಮಾಡ್ಕೋಬೇಡಿ,” ಎಂದರು ಯಜಮಾನರು. “ಈಗ ಯಾವ ಪ್ರೆಸ್ಸಲ್ಲೂ ಗಟ್ಟಿಯಾಗಿ ಓದೋರು ಅಂತ ಬೇರೆ ಇಟ್ಕೊಂಡಿಲ್ಲ. ತಿದ್ದೋರೇ ಎರಡನ್ನೂ ನೋಡ್ಕೋತಾರೆ. ಇಷ್ಟು ದಿನ ನಡೀಲಿ ಅಂತ ಬಿಟ್ಟಿದ್ದೆ. ಆದ್ರೆ ಈ ಗೋಡೆ ಪ್ಲೈವುಡ್ದು ಮೇಷ್ಟ್ರೇ. ತಪ್ಪು, ಮತ್ತೆ ಓದು, ತಪ್ಪು, ಮತ್ತೆ ಹೇಳು ಅಂತ ನೀವು ಬೈಯೋದು ತಿಂಗಳುಗಟ್ಟಲೆ ಕೇಳಿದ್ದೀನಿ. ಓದಮ್ಮನಿಗೆ ಈ ತಿಂಗಳು ಮುಗಿಸೋಣ. ನೀವೊಬ್ಬರೇ ಸಾಕು.”

ಅತ್ತ ದರಿ ಇತ್ತ ಪುಲಿ. ಬಾಯಿಬಿಟ್ಟರೆ ಅವಳ ಕೆಲಸ ಉಳಿಯುತ್ತದೆ, ಮೇಷ್ಟ್ರ ಕುರ್ಚಿ ಹೋಗುತ್ತದೆ. ಬಿಡದಿದ್ದರೆ ಅವಳ ಕೆಲಸ ಹೋಗುತ್ತದೆ, ಮಾರನೇ ದಿನವೇ ಮೇಷ್ಟ್ರದ್ದೂ ಹೋಗುತ್ತದೆ, ಒಬ್ಬರೇ ಹೇಗೆ ತಿದ್ದಿಯಾರು? ಇದೆಲ್ಲ ತಲೆಯಲ್ಲಿ ಸುತ್ತುತ್ತಿರುವಷ್ಟರಲ್ಲಿ ಮೇಷ್ಟ್ರು ಎದ್ದು ನಿಂತರು.

“ಅವಳನ್ನ ತೆಗೀಬೇಡಿ. ನನ್ನನ್ನ ತೆಗೀರಿ.”

“ಏನ್ ಮಾತು ಅಂತ ಆಡ್ತೀರಿ!”

“ನನಗೆ ಅಕ್ಷರ ಕಾಣಿಸಲ್ಲ. ಒಂದು ವರ್ಷ ಆಯ್ತು. ನಿನ್ನೆ ಹಲ್ಲುನೋವು ಅಂದದ್ದು ಸುಳ್ಳು, ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಇನ್ನು ಬರಲ್ಲ ಅಂದ್ರು. ಅವಳು ತಪ್ಪು ಓದ್ತಿದ್ದದ್ದು ನಿಜ. ಆದ್ರೆ ಕಲಿತಿದ್ದಾಳೆ, ಈಗ ಎಷ್ಟೋ ವಾಸಿ. ಮೋಸ ಮಾಡಿ ಕುರ್ಚೀಲಿ ಕೂತಿದ್ದವನು ನಾನು.”

ಓದಮ್ಮನಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಇದಕ್ಕೇ. ಎಂಟು ತಿಂಗಳು ಅನ್ನ ತಿನ್ನುವ ಹೊತ್ತಿನಲ್ಲೂ ಕಾಗದ ಹೋಲಿಸಿ ಅವಳು ಕಾಪಾಡಿದ್ದನ್ನು ಈ ಮುದುಕ ಒಂದೇ ಉಸಿರಿನಲ್ಲಿ ಒಡೆದುಹಾಕಿದ್ದರು.

“ಕಾಣಿಸಲ್ಲ ಅಂದ್ರೆ?” ಯಜಮಾನರು ಬೆಪ್ಪಾಗಿದ್ದರು. “ಈ ವರ್ಷ ಒಂದೇ ಒಂದು ದೂರು ಬಂದಿಲ್ಲ. ಹಾಗಾದ್ರೆ ಪ್ರೂಫು ತಿದ್ದಿದ್ದು ಯಾರು?”

ಯಜಮಾನರು ಕಪಾಟು ತೆಗೆದರು. ತಿದ್ದಿದ ಪ್ರೂಫುಗಳನ್ನು ಒಂದು ವರ್ಷ ಕಟ್ಟಿಡುವುದು ಅವರ ತಂದೆಯ ಕಾಲದ ಪದ್ಧತಿ. ಕಟ್ಟು ಬಿಚ್ಚಿ ಒಂದು ಹಾಳೆ ತೆಗೆದು ನೋಡಿದರು, ಇನ್ನೊಂದು ತೆಗೆದರು, ಅಂಚಿನ ಗುಂಡಕ್ಷರಗಳನ್ನು ಬೆಳಕಿಗೆ ಹಿಡಿದರು. ಆಮೇಲೆ ಓದಮ್ಮನ ಕಡೆ ತಿರುಗಿದರು.

“ಇದು ಮೇಷ್ಟ್ರ ಕೈಬರಹ ಅಲ್ಲ.”

“ಏನಿದೆ ಅದರಲ್ಲಿ?” ಎಂದರು ಮೇಷ್ಟ್ರು. “ಏನು ತಿದ್ದಿದ್ದಾಳೆ? ಓದಿ.”

“ದಿ ಸ್ವಿಚಸ್ ಈಸ್. ಈಸ್ ಹೊಡೆದು ಆರ್ ಮಾಡಿದ್ದಾಳೆ.”

ಮೇಷ್ಟ್ರ ಹುಬ್ಬು ಗಂಟಾಯಿತು. “ಅದು ಪ್ರೂಫಾ? ಮೂಲ ಅಲ್ವಾ?”

“ಪ್ರೂಫು.”

“ಮುಂದೆ ಓದಿ.”

“ದಿ ಲಿಡ್ ಫಿಟ್. ಫಿಟ್ಸ್ ಮಾಡಿದ್ದಾಳೆ. ದಿ ಸ್ಕ್ರೂಸ್ ವಾಸ್. ವರ್.”

ಮೇಷ್ಟ್ರು ನಿಧಾನವಾಗಿ ಕೂತರು. ಅವರಿಗೆ ಒಂದೊಂದೂ ನೆನಪಿತ್ತು, ಕಿವಿಯ ನೆನಪು ಅವರದ್ದು. “ಸ್ವಿಚಸ್ಸಿಗೆ ಬೈದಿದ್ದೆ,” ಎಂದರು. “ಲಿಡ್‌ಗೆ ಕಣ್ಣಿಗೆ ಪೊರೆ ಬಂದಿದೆಯಾ ಅಂತ ಕೇಳಿದ್ದೆ. ನಾನು ಕೇಳಿದ್ದೆ, ಆ ಮಾತನ್ನ, ಇವಳನ್ನ! ಸ್ಕ್ರೂಗೆ ಬೈದ ದಿನ ಇವಳು ಊಟಾನೇ ಮಾಡ್ಲಿಲ್ಲ. ತಂಗೀ, ನೀನು ಒಂದೂ ತಪ್ಪು ಓದಿರಲಿಲ್ವಾ?”

“ಇದ್ದದ್ದನ್ನ ಇದ್ದ ಹಾಗೆ ಓದಿದೆ ಮೇಷ್ಟ್ರೇ.”

“ಬಾಯಿಬಿಟ್ಟು ಹೇಳಬಾರದಿತ್ತಾ?”

“ಹೇಳಿದ್ರೆ ನೀವು ಮನೇಲಿ ಕೂರ್ತಿದ್ರಿ!” ಎಂದಳು ಓದಮ್ಮ. “ಬೈಸಿಕೊಂಡ್ರೆ ಮೈಗೇನು ತೂತು ಬೀಳುತ್ತಾ? ನೀವು ಎದುರಿಗೆ ಇರಬೇಕಾಗಿತ್ತು ನನಗೆ. ಅಷ್ಟೇ. ನೀವು ನೋಡಿದ್ರೆ ಎಲ್ಲಾ ಹೇಳ್ಕೊಂಡು ಹಾಳು ಮಾಡಿದ್ರಿ.”

ಮೇಷ್ಟ್ರು ಕಣ್ಣೊರೆಸಿಕೊಂಡರು. “ಎಲ್ಲಾ ಓದಿ,” ಎಂದರು ಯಜಮಾನರಿಗೆ. “ಒಂದೊಂದಕ್ಕೂ ಬೈದಿದ್ದೀನಿ. ಒಂದೊಂದಕ್ಕೂ ತಪ್ಪಾಯ್ತು ಅನ್ನಬೇಕು.”

“ಇನ್ನೂರು ಹಾಳೆ ಇದೆ ಮೇಷ್ಟ್ರೇ!”

“ಇರಲಿ.”

ಓದಮ್ಮ ಬೇಡ ಬೇಡವೆಂದರೂ ಯಜಮಾನರು ಶಾಲೆಯ ಹುಡುಗನ ಹಾಗೆ ಒಂದೊಂದೇ ಓದಿದರು, ಮೇಷ್ಟ್ರು ಒಂದೊಂದಕ್ಕೂ “ತಪ್ಪಾಯ್ತು ತಂಗೀ” ಎಂದರು. ಹತ್ತು ಹನ್ನೆರಡು ಆಗುವಷ್ಟರಲ್ಲಿ ಯಜಮಾನರ ಗಂಟಲು ಒಣಗಿತು. ಅವರು ಉಪಾಯವಾಗಿ ಕಟ್ಟಿನ ಬುಡದಿಂದ ಕೊನೆಯ ಹಾಳೆ ಎಳೆದರು.

“ಇದೊಂದು ಸಾಕು. ನಿನ್ನೆ ಮಧ್ಯಾಹ್ನದ್ದು, ಮಿಕ್ಸಿದು. ಎ ಬಾಕ್ಸ್ ಆಫ್ ಸ್ಪೇರ್ ಬ್ಲೇಡ್ಸ್ ಈಸ್ ಇನ್‌ಕ್ಲೂಡೆಡ್. ಈಸ್ ಹೊಡೆದು ಆರ್ ಮಾಡಿದ್ದಾಳೆ.”

ಮೇಷ್ಟ್ರು ತಪ್ಪಾಯ್ತು ಎನ್ನಲಿಲ್ಲ. ತಲೆ ಒಂದು ಕಡೆ ವಾಲಿಸಿದರು.

“ಇನ್ನೊಂದು ಸಲ ಓದಿ.”

ಯಜಮಾನರು ಓದಿದರು.

“ಏನಂತ ಮಾಡಿದ್ದಾಳೆ?”

“ಆರ್.”

“ಏನೇ ಇದು!” ಮೇಷ್ಟ್ರ ಕೂಗಿಗೆ ಪ್ಲೈವುಡ್ ಗೋಡೆ ನಡುಗಿತು. “ಸರಿಯಾಗಿದ್ದದ್ದನ್ನ ಕೆಡಿಸಿದ್ದೀಯಲ್ಲೇ! ಡಬ್ಬ ಎಷ್ಟು?”

“ಒಂದು,” ಎಂದಳು ಓದಮ್ಮ. “ಆದ್ರೆ ಬ್ಲೇಡು ...”

“ಬ್ಲೇಡು ಒಳಗೆ ಹತ್ತಿರಲಿ ನೂರಿರಲಿ, ಕೊಟ್ಟಿದ್ದು ಡಬ್ಬ! ಬಾಗಿಲ ಹತ್ರ ನಿಂತವನನ್ನೇ ಮನೆ ಯಜಮಾನ ಅಂದ್ಕೊಂಡುಬಿಟ್ಟೆಯಲ್ಲ! ಯಾರು ಹೇಳಿಕೊಟ್ರು ನಿನಗೆ ಇದನ್ನ?”

“ಯಾರೂ ಇಲ್ಲ. ಆ ಪಾಠ ನೀವಿನ್ನೂ ಮಾಡಿಲ್ಲ.”

“ಅಯ್ಯಯ್ಯೋ,” ಎಂದರು ಯಜಮಾನರು ಹಾಳೆ ನೋಡುತ್ತ. “ಇದು ಈಗ ಮೆಷಿನ್ ಮೇಲಿದೆ!”

ಅವರು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದರು. ಹಿಂಭಾಗದಿಂದ ಅವರ ಕೂಗು ಕೇಳಿಸಿತು, ಬೆಳಗಿನಿಂದ ಧಡಗುಟ್ಟುತ್ತಿದ್ದ ಯಂತ್ರ ನಿಂತಿತು. ತಿರುಗಿ ಬಂದಾಗ ಅವರಿಗೆ ಏದುಸಿರು, ಕೈಯಲ್ಲಿ ಇನ್ನೂ ಒಣಗದ ಒಂದು ಹಾಳೆ.

“ಐವತ್ತೇ ಆಗಿತ್ತು, ಬಚಾವಾದ್ವಿ,” ಎಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಇಬ್ಬರನ್ನೂ ಒಂದು ಗಳಿಗೆ ನೋಡಿದರು. “ನಾನು ಯಾರನ್ನೂ ತೆಗೆಯಲ್ಲ. ಪೆನ್ಸಿಲ್ ಓದಮ್ಮನ ಕೈಲಿರಲಿ. ಮೇಷ್ಟ್ರೇ, ನೀವು ಎದುರಿಗೆ ಕೂತು ಕೇಳಿ. ಹೋಗಿ, ಮೊದಲು ಆ ಮಿಕ್ಸಿ ಮುಗಿಸಿ.”

ಮೇಷ್ಟ್ರಿಗೆ ಅದು ಕಿವಿಗೆ ಬಿತ್ತೋ ಇಲ್ಲವೋ. ಅವರು ಆಗಲೇ ಓದಮ್ಮನ ತೋಳು ಹಿಡಿದು ಕೋಣೆಯ ಕಡೆ ಹೊರಟಿದ್ದರು, ದಾರಿಯುದ್ದಕ್ಕೂ ಬೈಯುತ್ತ. ಒಂದು ಮಧ್ಯಾಹ್ನ ಬಿಟ್ಟು ಹೋದರೆ ಇಂಥ ಅನಾಹುತ, ಡಬ್ಬವನ್ನು ಎಣಿಸಲು ಬಾರದವಳ ಕೈಗೆ ಪೆನ್ಸಿಲು ಕೊಟ್ಟರೆ ಪ್ರೆಸ್ಸಿನ ಮಾನ ಉಳಿದ ಹಾಗೇ ಎಂದು. ಓದಮ್ಮ ಒಂದಕ್ಕೂ ಎದುರಾಡಲಿಲ್ಲ. ಎಂಟು ತಿಂಗಳು ಬೇರೆಯವರ ತಪ್ಪಿಗೆ ಬೈಸಿಕೊಂಡವಳು ಅವಳು. ಈ ತಪ್ಪು ಅಪ್ಪಟ ಅವಳದೇ, ಈ ಬೈಗುಳವೂ ಅವಳದೇ. ಇನ್ನಷ್ಟು ಬೈಯಲಿ ಎಂದು ಅವಳು ನಿಧಾನವಾಗಿ ನಡೆದಳು.